ನೈಟ್ ಶೆಲ್ಟರ್‌ನಲ್ಲಿ ಇರೋರಿಗೆ ಟ್ರೇನಿಂಗ್ ಕೊಡ್ಸಿ ಕೆಲ್ಸಕ್ಕೆ ಸೇರ್ಸಿರೋರು ಯಾರಾದ್ರೂ ಇದೀರಾ?

ಶ್ರೀರಾಮ್‌ಪುರದವಳು:

ಎಲ್ರಿಗೂ ನಮಸ್ಕಾರ. ಭಾನುವಾರ ಆದ್ರೆ ನಮ್ಮ ಏರಿಯಾ ಹತ್ರ ಇರೋ ಒಂದು ನಿರಾಶ್ರಿತರ ತಂಗುದಾಣಕ್ಕೆ ಹೋಗಿ ಬರ್ತೀನಿ, ಬೆಂಗಳೂರಲ್ಲೇ, ಬಿಲ್ಡಿಂಗ್ ಪಾಲಿಕೆದು, ನಡೆಸೋದು ಒಂದು ಟ್ರಸ್ಟ್. ಮೊದ್ಲೆಲ್ಲ ಹೊದಿಕೆ, ಹಳೇ ಬಟ್ಟೆ ಕೊಟ್ಟು ಬರ್ತಿದ್ದೆ. ಒಂದ್ಸಲ ಅಲ್ಲಿದ್ದೋರೇ ಒಬ್ರು "ಮೇಡಂ, ಕಂಬಳಿ ಈಗ್ಲೇ ಮೂರಿದೆ, ಎಲ್ಲಾದ್ರೂ ಒಂದು ಕೆಲ್ಸ ಇದ್ರೆ ನೋಡಿ" ಅಂದ್ರು. ಅವತ್ತಿಂದ ಇದರ ಹಿಂದೆ ಬಿದ್ದಿದೀನಿ.

ಕೆಲ್ಸ ಬೇಕೇ ಬೇಕು ಅಂತಿರೋರು ನಾಲ್ಕು ಜನ. ಒಬ್ಬ ಯಾದಗಿರಿ ಕಡೆ ಹುಡುಗ, ಇಪ್ಪತ್ತೈದರೊಳಗೆ, ಏಳನೇ ಕ್ಲಾಸಿಗೆ ಬಿಟ್ಟವನು. ಇನ್ನೊಬ್ರು ಪೇಂಟರ್ ಆಗಿದ್ರಂತೆ, ಸಾರ್ವೆ ಮೇಲಿಂದ ಬಿದ್ದು ಭುಜ ಹೋಗಿದೆ, ಬಲಗೈ ತಲೆ ಮೇಲಕ್ಕೆ ಎತ್ತೋಕಾಗಲ್ಲ. ಮೂರನೆಯವರು ಐವತ್ತು ದಾಟಿದಾರೆ, ಅಡುಗೆ ಬರುತ್ತೆ. ನಾಲ್ಕನೆಯವನು ಪಿಯುಸಿ ಪಾಸು, ಮನೆ ಬಿಟ್ಟು ಬಂದಿದಾನೆ, ಯಾಕೆ ಅಂತ ನಾನು ಕೇಳಿಲ್ಲ ಅವನೂ ಹೇಳಿಲ್ಲ.

ಒಂದು ಸ್ಕಿಲ್ ಸೆಂಟರ್‌ಗೆ ಕರ್ಕೊಂಡು ಹೋದ್ರೆ ಮೊದಲ ಪ್ರಶ್ನೆನೇ ಲೋಕಲ್ ಅಡ್ರೆಸ್ ಪ್ರೂಫ್ ಎಲ್ಲಿ ಅಂತ, ಅದು ಮುಗಿದ್ರೆ ಹತ್ತನೇ ಕ್ಲಾಸ್ ಮಾರ್ಕ್ಸ್ ಕಾರ್ಡು, ಅದೂ ಆದ್ರೆ ಬೆಳಿಗ್ಗೆ ಒಂಬತ್ತರಿಂದ ಸಂಜೆ ಐದರ ತನಕ ಮೂರು ತಿಂಗಳು ಕ್ಲಾಸು. ಮೂರು ತಿಂಗಳು ದುಡಿಮೆ ಇಲ್ದೆ ಮಧ್ಯಾಹ್ನ ಎಲ್ಲಿ ಊಟ ಮಾಡ್ತಾರೆ ಅಂದ್ರೆ ಉತ್ತರ ಇಲ್ಲ. ಪೇಂಟರ್ ಅಣ್ಣನ್ನ ಒಂದು ಸೆಕ್ಯುರಿಟಿ ಏಜೆನ್ಸಿಗೆ ಸೇರ್ಸಿದ್ವಿ, ಮೊದಲ ಸಂಬಳ ಬರೋಕೆ ಮುಂಚೆನೇ ಬಿಟ್ಟು ಬಂದ್ರು. ಏಜೆನ್ಸಿಯೋರು "ಇಂಥೋರ್ನ ಇನ್ಮೇಲೆ ಕಳಿಸಬೇಡಿ" ಅಂದ್ರು.

ಯಾವ ಟ್ರೇನಿಂಗ್ ಕೊಡ್ಸಿದ್ರೆ ನಿಜವಾಗ್ಲೂ ಕೆಲ್ಸ ಸಿಗುತ್ತೆ? ಸೇರಿದ್ಮೇಲೆ ಬಿಟ್ಟು ಬರದ ಹಾಗೆ ಏನು ಮಾಡ್ಬೇಕು? ಅನುಭವ ಇರೋರು ಹೇಳಿ ಪ್ಲೀಸ್, ಸುಮ್ನೆ ಬುದ್ಧಿವಾದ ಬೇಡ.

---

ಕೇರ್‌ಟೇಕರ್_ರಾತ್ರಿಪಾಳಿ:

ಮೇಡಂ ನಾನು ಬೇರೆ ಶೆಲ್ಟರ್‌ನಲ್ಲಿ ಕೆಲ್ಸ ಮಾಡೋದು, ಹಾಗಾಗಿ ಒಳಗಿಂದ ಕಂಡಿದ್ದು ಹೇಳ್ತೀನಿ.

2010ರಲ್ಲಿ ಸುಪ್ರೀಂ ಕೋರ್ಟು ದೊಡ್ಡ ಊರುಗಳಲ್ಲಿ ಲಕ್ಷ ಜನಸಂಖ್ಯೆಗೆ ಒಂದು ಶೆಲ್ಟರ್ ಇರ್ಬೇಕು, ವರ್ಷಪೂರ್ತಿ 24 ಗಂಟೆ ತೆಗೆದಿರ್ಬೇಕು ಅಂತ ಹೇಳಿದೆ. ಆಮೇಲೆ 2013ರಲ್ಲಿ ಬಂದ ನಗರ ಜೀವನೋಪಾಯ ಮಿಷನ್, ಅದೇ ಜನ ನಲ್ಮ್ ನಲ್ಮ್ ಅಂತಾರಲ್ಲ, ಅದರಲ್ಲಿ ಶೆಲ್ಟರ್‌ಗೂ ದುಡ್ಡಿತ್ತು, ಸ್ಕಿಲ್ ಟ್ರೇನಿಂಗ್ ಕೊಟ್ಟು ಕೆಲ್ಸಕ್ಕೆ ಸೇರ್ಸೋಕೂ ದುಡ್ಡಿತ್ತು, ಸ್ವಂತ ಉದ್ಯೋಗಕ್ಕೆ ಸಾಲನೂ ಇತ್ತು. ಒಂದೇ ಮಿಷನ್, ಆದ್ರೆ ಟೇಬಲ್ ಬೇರೆ ಬೇರೆ. ಟ್ರೇನಿಂಗ್ ಕೊಡೋ ಏಜೆನ್ಸಿಯೋನಿಗೆ ಬ್ಯಾಚ್ ತುಂಬಬೇಕು, ಸರ್ಟಿಫಿಕೇಟ್ ಆಗ್ಬೇಕು, ಅವನಿಗೆ ಸುಲಭದಲ್ಲಿ ಸಿಗೋದು ಮನೆ ಇರೋ ಹುಡುಗರು. ಶೆಲ್ಟರ್ ಬಾಗಿಲಿಗೆ ಬಂದು ಜನ ಕೇಳಿದ ಟ್ರೇನಿಂಗ್‌ನೋರ್ನ ನಾನಂತೂ ನೋಡಿಲ್ಲ. ಆ ಮಿಷನ್ ಅವಧಿ 2024ಕ್ಕೆ ಮುಗಿದಿದೆ, ಇತ್ತ ಪಾಲಿಕೆನೂ ಒಂದಿದ್ದಿದ್ದು ಐದಾಗಿದೆ, ಯಾವ ಆಫೀಸಿಗೆ ಹೋಗ್ಬೇಕು ಅಂತ ನಮ್ಗೇ ಒಂದೊಂದ್ಸಲ ಗೊಂದಲ.

ಪೇಂಟರ್ ಯಾಕೆ ಬಿಟ್ರು ಅಂತ ಅವ್ರನ್ನ ಕೇಳಿದ್ರಾ? ನಾನು ಊಹೆ ಮಾಡ್ತೀನಿ ನೋಡಿ. ಅವ್ರಿಗೆ ನೈಟ್ ಡ್ಯೂಟಿ ಬಿದ್ದಿರುತ್ತೆ. ಕಾಗದದ ಮೇಲೆ ಶೆಲ್ಟರ್ 24 ಗಂಟೆ, ಆದ್ರೆ ಎಷ್ಟೋ ಕಡೆ ಬೆಳಿಗ್ಗೆ ಎಲ್ರನ್ನೂ ಎಬ್ಬಿಸಿ ಹೊರಗೆ ಕಳಿಸಿ ಬಾಗಿಲು ಹಾಕ್ತಾರೆ, ಸಂಜೆ ಮೇಲೆನೇ ಒಳಗೆ ಬಿಡೋದು. ಹನ್ನೆರಡು ಗಂಟೆ ಕೂತು ಕಾವಲು ಕಾದು ಬಂದವನು ಹಗಲು ಎಲ್ಲಿ ಮಲಗ್ತಾನೆ? ಪಾರ್ಕಲ್ಲಿ ಮಲಗಿದ್ರೆ ಪೊಲೀಸ್ ಎಬ್ಬಿಸ್ತಾರೆ. ಮೂರನೇ ರಾತ್ರಿ ಡ್ಯೂಟಿ ಚೇರಲ್ಲೇ ನಿದ್ದೆ, ಸೂಪರ್‌ವೈಸರ್ ಫೋಟೋ ಹೊಡ್ದು ಗ್ರೂಪಿಗೆ ಹಾಕ್ತಾನೆ, ಅಲ್ಲಿಗೆ ಮುಗೀತು. ಕೆಲ್ಸಕ್ಕೆ ಸೇರ್ಸೋ ಮುಂಚೆ ಆ ಟ್ರಸ್ಟಿನೋರ ಹತ್ರ ಹಗಲು ಒಂದು ಮಂಚ ಕೊಡ್ತೀರಾ ಅಂತ ಮಾತಾಡ್ಕೊಳ್ಳಿ. ಇದು ಯಾವ ಟ್ರೇನಿಂಗ್‌ಗಿಂತನೂ ಮುಖ್ಯ.

ಅಡ್ರೆಸ್ ವಿಷಯ. ಆಧಾರ್‌ಗೆ ಒಂದು ಸ್ಟ್ಯಾಂಡರ್ಡ್ ಸರ್ಟಿಫಿಕೇಟ್ ಫಾರಂ ಇದೆ, ಮಾನ್ಯತೆ ಇರೋ ಶೆಲ್ಟರ್‌ನ ಮುಖ್ಯಸ್ಥರು ಫೋಟೋ ಅಂಟಿಸಿ ಸೈನು ಸೀಲು ಹಾಕಿ ಕೊಡ್ಬಹುದು, ಮೂರು ತಿಂಗಳು ನಡೆಯುತ್ತೆ. ವೋಟರ್ ಐಡಿಗೆ ಫಾರಂ 6ರಲ್ಲಿ ಮಲಗೋ ಜಾಗ ಬರೆದ್ರೆ ಬಿಎಲ್‌ಓ, ಅಂದ್ರೆ ಮತಗಟ್ಟೆ ಅಧಿಕಾರಿ, ರಾತ್ರಿ ಹೊತ್ತು ಬಂದು ನೋಡ್ಬೇಕು ಅಂತ ಚುನಾವಣಾ ಆಯೋಗದ ನಿಯಮನೇ ಇದೆ, ಕಾಗದ ಕೇಳೋ ಹಾಗಿಲ್ಲ. ಬ್ಯಾಂಕ್‌ನಲ್ಲಿ ಏನೂ ದಾಖಲೆ ಇಲ್ದೆನೂ ಸ್ಮಾಲ್ ಅಕೌಂಟ್ ತೆಗೀಬಹುದು, 50,000ಕ್ಕಿಂತ ಜಾಸ್ತಿ ಇಡೋ ಹಾಗಿಲ್ಲ, ತಿಂಗಳಿಗೆ 10,000 ಮಾತ್ರ ಡ್ರಾ ಮಾಡ್ಬಹುದು. ಕೌಂಟರ್‌ನಲ್ಲಿ ಹೊಸ ಹುಡುಗರಿಗೆ ಇದು ಗೊತ್ತಿರಲ್ಲ, ಮ್ಯಾನೇಜರ್ ಹತ್ರನೇ ಹೋಗಿ.

---

ಎಫ್‌ಒ_ಬೆಂಗ್ಳೂರು:

ನಾನು ಏಜೆನ್ಸಿ ಕಡೆಯೋನು, ಫೀಲ್ಡ್ ಆಫೀಸರ್. ಬೈಯೋದಿದ್ರೆ ಬೈರಿ, ಆದ್ರೆ ನಮ್ಮ ಕಡೆ ಲೆಕ್ಕನೂ ಕೇಳಿ.

ಸೆಕ್ಯುರಿಟಿ ಕೆಲ್ಸಕ್ಕೆ ಕಾನೂನಿದೆ, 2005ರ ಆಕ್ಟು. ಗಾರ್ಡ್ ಆಗ್ಬೇಕಂದ್ರೆ 100 ಗಂಟೆ ಕ್ಲಾಸು, 60 ಗಂಟೆ ಫೀಲ್ಡು, ಕನಿಷ್ಠ 20 ದಿನದ ಟ್ರೇನಿಂಗು, ಜೊತೆಗೆ ಪೊಲೀಸ್ ವೆರಿಫಿಕೇಷನ್. ಎಷ್ಟು ಏಜೆನ್ಸಿ ಅಷ್ಟು ಗಂಟೆ ಕೂರ್ಸಿ ಟ್ರೇನಿಂಗ್ ಕೊಡ್ತಾವೆ ಅನ್ನೋದು ಬೇಡ ಬಿಡಿ. ಆದ್ರೆ ವೆರಿಫಿಕೇಷನ್ ಮಾತ್ರ ಕ್ಲೈಂಟ್ ಕೇಳೇ ಕೇಳ್ತಾನೆ, ಅಲ್ಲಿ ಅಡ್ರೆಸ್ ಇಲ್ಲ ಅಂದ್ರೆ ಫೈಲ್ ನಿಂತೋಗುತ್ತೆ. ಮನೆ ಇಲ್ದೋರಿಗೆ ಸೆಕ್ಯುರಿಟಿ ಮೊದಲ ಕೆಲ್ಸ ಆಗಿ ಸರಿ ಹೋಗಲ್ಲ ಅನ್ನೋದು ನನ್ನ ಅಭಿಪ್ರಾಯ, ಎಲ್ರೂ ಮೊದ್ಲು ಅಲ್ಲಿಗೇ ತಳ್ತಾರೆ. ಹೌಸ್‌ಕೀಪಿಂಗ್, ಗಾರ್ಡನ್, ಗೋಡೌನ್ ಪ್ಯಾಕಿಂಗ್ ನೋಡಿ, ಡೇ ಶಿಫ್ಟ್ ಸಿಗುತ್ತೆ.

ಬಿಟ್ಟು ಹೋಗೋದು ಯಾಕೆ ಅಂದ್ರೆ ಸಂಬಳದ ದಿನ. ಇವತ್ತು ಹತ್ತನೇ ತಾರೀಕು ಸೇರಿದ್ರೆ ಆ ತಿಂಗಳದು ಮುಂದಿನ ತಿಂಗಳು ಏಳಕ್ಕೋ ಹತ್ತಕ್ಕೋ ಬರುತ್ತೆ, ಹೊಸಬರದ್ದು ಅಂತ ಕೆಲವು ಕಡೆ ಇನ್ನೂ ಒಂದು ಸೈಕಲ್ ಹಿಡಿದಿಡ್ತಾರೆ. ಅದರಲ್ಲಿ ಯೂನಿಫಾರಂ ಶೂ ಕಟಿಂಗ್ ಬೇರೆ. ನಾಳೆ ಬೆಳಿಗ್ಗೆ ಟೀಗೆ ದುಡ್ಡಿಲ್ದಿರೋನು ತಿಂಗಳು ಪೂರ್ತಿ ಹೆಂಗೆ ಕಾಯ್ತಾನೆ? ಮಾರ್ಕೆಟ್ಟಲ್ಲಿ ಮೂಟೆ ಹೊತ್ರೆ ಮಧ್ಯಾಹ್ನದೊಳಗೆ ಕೈಗೆ ಕಾಸು. ಹೋಗೇ ಹೋಗ್ತಾನೆ, ಅವನ ಜಾಗದಲ್ಲಿ ನಾನಿದ್ರೂ ಹೋಗ್ತಿದ್ದೆ. ಸೈಟಲ್ಲಿ ನಂಗೆ ಅಧಿಕಾರ ಇದ್ದ ಕಡೆ ಮೊದಲ ತಿಂಗಳು ಶನಿವಾರ ಶನಿವಾರ ಅಡ್ವಾನ್ಸ್ ಕೊಡಿಸ್ತೀನಿ, ಉಳಿಯೋರು ಜಾಸ್ತಿ ಆಗ್ತಾರೆ. ನಿಮ್ಮ ಟ್ರಸ್ಟ್ ಆ ಅಡ್ವಾನ್ಸ್ ದುಡ್ಡು ಮೊದಲ ತಿಂಗಳಿಗೆ ಕೈಯಿಂದ ಹಾಕೋಕಾದ್ರೆ, ಸಂಬಳ ಬಂದ್ಮೇಲೆ ವಾಪಸ್ ತಗೊಂಡ್ರೆ, ಏಜೆನ್ಸಿಗೂ ತಲೆನೋವಿಲ್ಲ.

---

ನೇರವಾಗಿ_ಹೇಳ್ತೀನಿ:

ಸುಮ್ನೆ ಟೈಂ ವೇಸ್ಟ್. ಇವ್ರಿಗೆ ಕೆಲ್ಸ ಬೇಡ, ಕುಡಿಯೋಕೆ ಕಾಸು ಬೇಕು. ಕೆಲ್ಸ ಬೇಕು ಅನ್ನೋನು ಬೆಂಗಳೂರಲ್ಲಿ ಉಪವಾಸ ಬಿದ್ದಿರೋದು ನಾನು ನೋಡಿಲ್ಲ.

---

ಕ್ಯಾಟ್ರಿಂಗ್_ಸೀನ:

ಮೇಲೆ ಬರ್ದಿರೋ ಅಣ್ಣ, ನಿಮ್ಮನೆ ಮದ್ವೇಲಿ ಊಟಕ್ಕೆ ಬಡಿಸಿದ್ದು ಯಾರು ಅಂದ್ಕೊಂಡಿದೀರಾ?

ನಾನು ಮೆಜೆಸ್ಟಿಕ್ಕಲ್ಲಿ ಮಲಗಿ ಎದ್ದವನೇ. ಅಲ್ಲಿ ಕಲಾಸಿಪಾಳ್ಯದಲ್ಲಿ ರಸ್ತೆ ಮೇಲೆ ಇರೋ ಗಂಡಸ್ರಲ್ಲಿ ಬಹಳ ಜನ ಕ್ಯಾಟ್ರಿಂಗ್ ಕೆಲ್ಸದೋರು. ಮೇಸ್ತ್ರಿ ಸಂಜೆ ಬಂದು ತಲೆ ಎಣಿಸಿ ಟೆಂಪೋಗೆ ಹತ್ತಿಸ್ಕೊಂಡು ಹೋಗ್ತಾನೆ, ಕಲ್ಯಾಣ ಮಂಟಪದಲ್ಲಿ ಒಂದು ಬಿಳಿ ಶರ್ಟು ಟೋಪಿ ಕೊಡ್ತಾನೆ, ರಾತ್ರಿ ರಿಸೆಪ್ಷನ್ ಬೆಳಿಗ್ಗೆ ತಿಂಡಿ ಮಧ್ಯಾಹ್ನ ಮುಹೂರ್ತದ ಊಟ, ಪಾತ್ರೆ ತೊಳೆದು ಮುಗಿದ್ಮೇಲೆ ಅಲ್ಲೇ ಕಾಸು. ಊಟ ಫ್ರೀ, ಮಲಗೋಕೆ ಮಂಟಪದ ಸ್ಟೋರ್ ರೂಮು. ಕೆಲ್ಸ ಕಳ್ಳರು ಯಾರೂ ಇಲ್ಲ ಅದರಲ್ಲಿ. ಆದ್ರೆ ಆಷಾಢ ಬಂತು ಅಂದ್ರೆ ಮದ್ವೆ ಇಲ್ಲ, ಧನುರ್ಮಾಸದಲ್ಲೂ ಇಲ್ಲ. ಆ ದಿನ ಪೂರ್ತಿ ಕೈ ಖಾಲಿ, ಆವಾಗ್ಲೇ ಜನ ಸಾಲಕ್ಕೆ ಬೀಳೋದು ಕುಡಿಯೋದು ಎಲ್ಲಾ. ಇಂದಿರಾ ಕ್ಯಾಂಟೀನ್ ಇಲ್ದಿದ್ರೆ, ಐದು ರೂಪಾಯಿಗೆ ತಿಂಡಿ ಹತ್ತು ರೂಪಾಯಿಗೆ ಊಟ, ಆಷಾಢ ದಾಟೋದು ಕಷ್ಟ ಇತ್ತು. ಕುಡಿಯೋರು ಇಲ್ಲ ಅಂತ ನಾನು ಹೇಳಲ್ಲ, ಫುಟ್‌ಪಾತ್ ಮೇಲೆ ಚಳಿಗೂ ಸೊಳ್ಳೆಗೂ ಪೊಲೀಸಿನ ಲಾಠಿಗೂ ನಿದ್ದೆ ಬರಲ್ಲ, ಕುಡಿದ್ರೆ ಬರುತ್ತೆ.

ಅಕ್ಕ ನಿಮ್ಗೆ ಹೇಳೋದು. ನಾನು ಹೊರಗೆ ಬಂದಿದ್ದು ಟ್ರೇನಿಂಗ್‌ನಿಂದ ಅಲ್ಲ. ಒಬ್ರು ಕ್ಯಾಟ್ರಿಂಗ್ ಓನರ್ ತಿಂಗಳ ಸಂಬಳಕ್ಕೆ ಗೋಡೌನ್‌ನಲ್ಲಿ ಪಾತ್ರೆ ಲೆಕ್ಕ ನೋಡ್ಕೊಳ್ಳೋಕೆ ಇಟ್ಕೊಂಡ್ರು, ಅಲ್ಲೇ ಮಲಗೋ ಜಾಗ ಕೊಟ್ರು. ಮುಂಚೆನೂ ಅಂಥ ಕೆಲ್ಸ ಸಿಕ್ಕಿತ್ತು, ಹೋಗೋಕಾಗಿರ್ಲಿಲ್ಲ, ಯಾಕಂದ್ರೆ ತಲೆ ಕೆಳಗೆ ಇಟ್ಕೊಂಡು ಮಲಗಿದ್ದ ಬ್ಯಾಗ್ ಕದ್ದೋಗಿತ್ತು, ಆಧಾರ್ ಫೋನು ಎರಡೂ ಅದರೊಳಗೆ. ಫೋನ್ ಹೋದ್ರೆ ಓಟಿಪಿ ಹೋಯ್ತು, ಓಟಿಪಿ ಹೋದ್ರೆ ಯಾವ ಕಾರ್ಡೂ ಬರಲ್ಲ. ಸಿಮೆಂಟು ಸೋಪು ನೀರಲ್ಲಿ ಬೆರಳು ಸವೆದು ಹೆಬ್ಬೆಟ್ಟೂ ತಗೊಳ್ಳಲ್ಲ ಮಿಷಿನ್ನು, ಕಣ್ಣಿಂದ್ಲೇ ಮಾಡ್ಬೇಕಾಯ್ತು. ನಿಮ್ಮ ಶೆಲ್ಟರ್‌ಗೆ ಬೀಗ ಹಾಕೋ ಕಬ್ಬಿಣದ ಲಾಕರ್ ಕೊಡ್ಸಿ, ಹಳೇ ಆಫೀಸ್ ಬೀರು ಆದ್ರೂ ಸಾಕು, ಒಬ್ಬೊಬ್ಬನಿಗೂ ಒಂದು ಖಾನೆ. ಫೋನ್ ಚಾರ್ಜ್ ಹಾಕೋ ಜಾಗ ಆ ಖಾನೆ ಒಳಗೇ ಇದ್ರೆ ಇನ್ನೂ ಒಳ್ಳೇದು.

ಆ ಅಡುಗೆ ಬರೋ ಅಣ್ಣನಿಗೆ ಎಷ್ಟು ಜನಕ್ಕೆ ಮಾಡೋಕೆ ಬರುತ್ತೆ ಕೇಳಿ. ನೂರು ಜನಕ್ಕೆ ಸಾರು ಹಿಡ್ಸೋಕೆ ಬರುತ್ತೆ ಅಂದ್ರೆ ಅವ್ರಿಗೆ ಟ್ರೇನಿಂಗ್ ಯಾಕೆ, ಪಿಜಿಗಳಲ್ಲಿ ಕುಕ್ ಇಲ್ಲ ಅಂತ ಬಡ್ಕೊತಿದಾರೆ.

---

ಕುಂದಾಪುರ_ಹೋಟ್ಲು:

ಸೀನಣ್ಣ ಸರಿಯಾಗಿ ಹೇಳಿದ್ರಿ ಮಾರಾಯ್ರೆ. ನಮ್ದು ಬೆಂಗಳೂರಲ್ಲಿ ಸಣ್ಣ ದರ್ಶಿನಿ. ನೀವು ನೋಡಿರ್ಬಹುದು, ಅರ್ಧಕ್ಕರ್ಧ ಹೋಟ್ಲಿನ ಎದುರು ಬೋರ್ಡು ಉಂಟು, ಕೆಲಸಕ್ಕೆ ಜನ ಬೇಕಾಗಿದ್ದಾರೆ, ಊಟ ವಸತಿ ಉಚಿತ ಅಂತ. ಜನ ಸಿಗುದಿಲ್ಲ. ಮೊದಲು ಊರಿಂದ ಹುಡುಗ್ರು ಬರ್ತಿದ್ರು, ಈಗ ಯಾರು ಬರ್ತಾರೆ.

ಯಾದಗಿರಿ ಹುಡುಗನ್ನ ಹೋಟ್ಲಿಗೆ ಹಾಕಿ. ಮೊದಲು ಕ್ಲೀನಿಂಗು, ಆಮೇಲೆ ತರಕಾರಿ ಕಟಿಂಗು ಚಟ್ನಿ ರುಬ್ಬುದು, ಆಸಕ್ತಿ ಇದ್ರೆ ದೋಸೆ ಕಾವಲಿ ಎದುರು ನಿಲ್ಲಿಸ್ತೇವೆ. ದೋಸೆ ಕೈ ಕೂತ್ರೆ ಆ ಹುಡುಗ ಮತ್ತೆ ಕೆಲಸ ಹುಡುಕುದು ಬೇಡ, ಅವನನ್ನೇ ಹುಡುಕ್ಕೊಂಡು ಬರ್ತಾರೆ. ಸರ್ಟಿಫಿಕೇಟ್ ಯಾರೂ ಕೇಳುದಿಲ್ಲ.

ಒಂದು ತೊಂದರೆ ಉಂಟು, ಹೇಳ್ಬೇಕಲ್ವಾ. ರೂಮು ಓನರಿಂದು. ಓನರ ಜೊತೆ ಜಗಳ ಆಯ್ತು ಅಂದ್ರೆ ಕೆಲಸವೂ ಹೋಯ್ತು ರೂಮೂ ಹೋಯ್ತು, ಅದೇ ರಾತ್ರಿ ಚೀಲ ಹಿಡ್ಕೊಂಡು ಮತ್ತೆ ರಸ್ತೆಗೆ. ಇದನ್ನು ಕೆಲವರು ದುರುಪಯೋಗ ಮಾಡ್ತಾರೆ, ಹದಿನಾಲ್ಕು ಗಂಟೆ ದುಡಿಸ್ತಾರೆ, ರಜೆ ಕೇಳಿದ್ರೆ ರೂಮು ಖಾಲಿ ಮಾಡು ಅಂತಾರೆ. ಹಾಗಾಗಿ ಶೆಲ್ಟರಲ್ಲಿ ಒಂದೆರಡು ತಿಂಗಳು ಅವನ ಜಾಗ ಹಾಗೇ ಇಡ್ಲಿಕ್ಕೆ ಹೇಳಿ. ಮತ್ತೆ ಸಂಬಳ ಬ್ಯಾಂಕಿಗೆ ಹಾಕ್ಲಿಕ್ಕೆ ಹೇಳಿ, "ನನ್ನ ಹತ್ರ ಇರ್ಲಿ, ಊರಿಗೆ ಹೋಗುವಾಗ ಒಟ್ಟಿಗೆ ಕೊಡ್ತೇನೆ" ಅನ್ನುವ ಓನರ್ ಬೇಡವೇ ಬೇಡ.

---

ಹುಬ್ಬಳ್ಳಿ_ಬ್ಯಾಂಕಿನಾಂವ:

ಎಲ್ಲಾರೂ ಬೆಂಗಳೂರು ಅಡ್ರೆಸ್ ಹಿಂದ ಬಿದ್ದೀರಿ. ಆ ಯಾದಗಿರಿ ಹುಡುಗಂದು ಊರಾಗ ರೇಷನ್ ಕಾರ್ಡಿನ್ಯಾಗ ಹೆಸರು ಐತೇನು ಕೇಳ್ರಿ ಮೊದಲ. ಇತ್ತಂದ್ರ ಬಿಪಿಎಲ್, ಗ್ರಾಮೀಣ, ಕೆಲಸ ಭಾಳ ಸಲೀಸ ಆತು.

ಯಾಕಂದ್ರ ಆರ್‌ಸೆಟಿ ಅಂತ ಟ್ರೇನಿಂಗ್ ಕೇಂದ್ರ ಅದಾವ್ರಿ, ಹಳ್ಳಿ ಮಂದಿಗೆ ಸ್ವಂತ ಉದ್ಯೋಗ ಕಲಿಸೋವು, ಜಿಲ್ಲಾಕ್ಕೊಂದರಂಗ, ಬ್ಯಾಂಕಿನವ್ರು ನಡಸೋದು. ಇದರ ಮೂಲ ನಮ್ಮ ರಾಜ್ಯದ್ದ, 1982ರಾಗ ಉಜಿರೆಯೊಳಗ ಧರ್ಮಸ್ಥಳದ ವೀರೇಂದ್ರ ಹೆಗ್ಗಡೆಯವ್ರು, ಸಿಂಡಿಕೇಟ್ ಬ್ಯಾಂಕು, ಕೆನರಾ ಬ್ಯಾಂಕು ಕೂಡಿ ಚಾಲೂ ಮಾಡಿದ ರುಡ್‌ಸೆಟಿ. ಅದನ್ನ ನೋಡೇ ಕೇಂದ್ರ ಸರ್ಕಾರ ದೇಶದ ತುಂಬ ಮಾಡೇತಿ. ಟ್ರೇನಿಂಗ್ ಫ್ರೀ, ಊಟ ಫ್ರೀ, ಇರಾಕ ಅಲ್ಲೇ ಹಾಸ್ಟೆಲ್. ನಿಮ್ಮ ಮೂರು ತಿಂಗಳ ಕ್ಲಾಸಿನ ಮಧ್ಯಾಹ್ನದ ಊಟದ ಪ್ರಶ್ನೆಗೆ ಉತ್ತರ ಇದ ನೋಡ್ರಿ. ವೈರಿಂಗು, ಪ್ಲಂಬಿಂಗು, ಬೈಕ್ ರಿಪೇರಿ, ಮೊಬೈಲ್ ರಿಪೇರಿ, ಸಿಸಿಟಿವಿ, ಬಹಳಷ್ಟು ಕೋರ್ಸು ಒಂದು ತಿಂಗಳ ಆಸುಪಾಸು. ಮುಗಿದ ಮ್ಯಾಲ ಎರಡು ವರ್ಷ ಫಾಲೋಅಪ್ ಮಾಡಬೇಕಂತ ನಿಯಮ ಐತಿ, ಫೋನ್ ಮಾಡಿ ಕೇಳ್ತಾರ, ಸಾಲಕ್ಕ ಬ್ಯಾಂಕಿಗೆ ಅರ್ಜಿ ಕಳಿಸ್ತಾರ.

ಆದ್ರ ಇದು ಸ್ವಂತ ಉದ್ಯೋಗಕ್ಕಂತ ಮಾಡಿದ್ದು, ನೌಕರಿ ಕೊಡಸೋದಲ್ಲ. ವೈರಿಂಗ್ ಕಲಿತಾಂವ ಟೂಲ್ ಕಿಟ್ ಹಿಡ್ಕೊಂಡು ಎಲ್ಲಿ ಕುಂದ್ರತಾನ, ಗಿರಾಕಿ ಎಲ್ಲಿಂದ ಬರ್ತಾರ? ಯಾರರೇ ಎಲೆಕ್ಟ್ರಿಷಿಯನ್ ಕೈಯಾಗ ಆರು ತಿಂಗಳು ಬಿಡಬೇಕು. ಅಡುಗಿ ಬಲ್ಲವ್ರಿಗೆ ಐವತ್ತು ದಾಟೇತಿ ಅಂದ್ರಿ, ಅವ್ರಿಗೆ ಇದು ಆಗಂಗಿಲ್ಲ. ಅವ್ರು ತಳ್ಳುಗಾಡಿ ಹಚ್ಚತೀನಿ ಅಂದ್ರ ಪಿಎಂ ಸ್ವನಿಧಿ ಐತಿ, 2020ರಾಗ ಬಂದಾಗ ಮೊದಲನೇ ಸಾಲ 10,000 ಇತ್ತು, ಈಗ 15,000 ಆಗೇತಿ, ತೀರಿಸಿದ್ರ ಮುಂದ 25,000, ಆಮ್ಯಾಲ 50,000. ಗ್ಯಾರಂಟಿ ಕೇಳಂಗಿಲ್ಲ. ಪಾಲಿಕೆಯಿಂದ ಬೀದಿ ವ್ಯಾಪಾರಿ ಅಂತ ಕಾರ್ಡ್ ಇಲ್ಲಾ ಶಿಫಾರಸು ಪತ್ರ ಬೇಕು, ಅದಕ್ಕ ಮೊದಲ ಗಾಡಿ ಹಚ್ಚಿರಬೇಕು.

---

ಮೈಸೂರ್_ಅಮೆರಿಕ:

ನಾನಿರೋದು ಅಮೆರಿಕದಲ್ಲಿ, ಸೀನ ಅವ್ರು ಬರೆದಿದ್ದು ಓದಿ ನೆನಪಾಯ್ತು. ನ್ಯೂ ಮೆಕ್ಸಿಕೋದ ಆಲ್ಬುಕರ್ಕಿ ಅನ್ನೋ ಊರಲ್ಲಿ 2015ರಲ್ಲಿ ಮೇಯರ್ ಒಂದು ವ್ಯಾನ್ ಬಿಟ್ರು. ಸಿಗ್ನಲ್‌ನಲ್ಲಿ ಬೋರ್ಡ್ ಹಿಡ್ಕೊಂಡು ನಿಂತಿರೋರ ಹತ್ರ ಹೋಗಿ ಇವತ್ತು ಕೆಲ್ಸ ಮಾಡ್ತೀರಾ ಅಂತ ಕೇಳೋದು, ಕಳೆ ಕೀಳೋದು ಕಸ ಎತ್ತೋದು, ಗಂಟೆಗೆ 9 ಡಾಲರ್, ಮಧ್ಯಾಹ್ನ ಊಟ, ಸಂಜೆ ಅವತ್ತಿನ ದುಡ್ಡು ಅವತ್ತೇ, ಆಮೇಲೆ ರಾತ್ರಿ ಇರೋಕೆ ಜಾಗ ಬೇಕಾ ಬೇರೆ ಕೆಲ್ಸ ಹುಡುಕೋಕೆ ಸಹಾಯ ಬೇಕಾ ಅಂತ ವಿಚಾರಿಸೋದು. ಬೇರೆ ಊರುಗಳೂ ಅದನ್ನ ನೋಡಿ ಶುರು ಮಾಡಿದ್ವು. ನಮ್ಮ ಮೇಸ್ತ್ರಿ ಟೆಂಪೋನೂ ಅದೇ ಕೆಲ್ಸ ಮಾಡ್ತಿದೆ, ಕೊನೇ ಭಾಗ ಒಂದು ಇಲ್ಲ ಅಷ್ಟೆ. ಇಲ್ಲಿ ಎಲ್ಲಾ ಸರಿಯಿದೆ ಅಂತಲ್ಲ, ಡೌನ್‌ಟೌನ್‌ನಲ್ಲಿ ಸಾಲು ಸಾಲು ಟೆಂಟ್ ಹಾಕ್ಕೊಂಡಿದಾರೆ.

---

ಚಂದ್ರಿ:

ಇಷ್ಟೊತ್ತು ಓದಿದೆ, ಎಲ್ಲಾ ಗಂಡಸರದ್ದೇ. ಹೆಂಗಸ್ರು ಶೆಲ್ಟರ್‌ನಲ್ಲಿ ಕಮ್ಮಿ ಕಾಣ್ತಾರೆ ಅಂದ್ರೆ ಇಲ್ಲ ಅಂತಲ್ಲ, ಬಸ್‌ಸ್ಟ್ಯಾಂಡಲ್ಲೋ ದೇವಸ್ಥಾನದ ಜಗಲಿ ಮೇಲೋ ಮಗು ಇಟ್ಕೊಂಡು ಕೂತಿರ್ತಾರೆ. ನಾನು ಕೆಲ್ಸ ಮಾಡೋ ಗಾರ್ಮೆಂಟ್ಸ್‌ಗೆ ಅಂಥ ಒಬ್ಳು ಬಂದ್ಳು, ಗಂಡನ ಹೊಡೆತಕ್ಕೆ ಮನೆ ಬಿಟ್ಟವಳು. ಮಿಷಿನ್ ಕೆಲ್ಸ ಚೆನ್ನಾಗೇ ಕಲಿತ್ಲು. ಕೆಲ್ಸ ನಿಂತೋಗಿದ್ದು ಮಗು ವಿಷಯಕ್ಕೆ, ಫ್ಯಾಕ್ಟ್ರಿಲಿ ಶಿಶುವಿಹಾರ ಹೆಸರಿಗೆ ಇದೆ, ಸಂಜೆ ಓಟಿ ಅಂದ್ರೆ ಮಗುನ ಯಾರು ನೋಡ್ತಾರೆ. ಹೆಂಗಸ್ರಿಗೆ ಅಂದ್ರೆ ಎಲ್ರೂ ಒಂದು ಹೊಲಿಗೆ ಮಿಷಿನ್ ಕೊಟ್ಟು ಫೋಟೋ ತೆಗಿತಾರೆ, ಅದನ್ನ ಇಡೋಕೆ ಗೋಡೆ ಬೇಡ್ವಾ? ರಾತ್ರಿ ಹೊತ್ತು ಯಾರಾದ್ರೂ ಸಿಕ್ಕಿದ್ರೆ ಮಹಿಳಾ ಸಹಾಯವಾಣಿ 181ಕ್ಕೆ ಫೋನ್ ಮಾಡಿ. ಆಧಾರ್‌ನಲ್ಲಿ ಕರ್ನಾಟಕದ ಅಡ್ರೆಸ್ ಇದ್ರೆ ಬಸ್ ಫ್ರೀ ಇದೆಯಲ್ಲ, ದೂರದ ಕೆಲ್ಸಕ್ಕೂ ಹೋಗ್ಬಹುದು, ನಮ್ಮ ಲೈನಲ್ಲಿ ಅದರಿಂದ್ಲೇ ಬರ್ತಿರೋರು ಇದಾರೆ.

---

ಶ್ರೀರಾಮ್‌ಪುರದವಳು:

ಇಷ್ಟು ಉತ್ತರ ಬರುತ್ತೆ ಅಂದ್ಕೊಂಡಿರ್ಲಿಲ್ಲ, ಥ್ಯಾಂಕ್ಸ್ ಎಲ್ರಿಗೂ. ಪೇಂಟರ್ ಅಣ್ಣನ್ನ ಕೇಳಿದೆ, ಕೇರ್‌ಟೇಕರ್ ಅವ್ರು ಹೇಳಿದ್ದೇ ನಿಜ, ನೈಟ್ ಡ್ಯೂಟಿ, ಹಗಲು ರೈಲ್ವೆ ಸ್ಟೇಷನ್ನಲ್ಲಿ ಪ್ಲಾಟ್‌ಫಾರ್ಮ್ ಟಿಕೆಟ್ ತಗೊಂಡು ಮಲಗ್ತಿದ್ರಂತೆ. ಟ್ರಸ್ಟಿನೋರು ಕೆಲ್ಸಕ್ಕೆ ಹೋಗೋರಿಗೆ ಹಗಲು ಎರಡು ಮಂಚ ಕೊಡೋಕೆ ಒಪ್ಪಿದಾರೆ, ಆದ್ರೆ ಬಾಯಿ ಮಾತು, ಬರೆದು ಕೊಡಿ ಅಂದ್ರೆ ಪಾಲಿಕೆ ಕೇಳ್ಬೇಕು ಅಂತಾರೆ. ಬೀರು ನಮ್ಮ ಯಜಮಾನ್ರ ಆಫೀಸಲ್ಲಿ ಹಳೇದು ಮಾರ್ತಿದಾರೆ, ಅದನ್ನ ತರ್ತೀವಿ. ಅಡುಗೆಯವರು ಐವತ್ತು ಜನಕ್ಕೆ ಆರಾಮಾಗಿ ಮಾಡ್ತೀನಿ ಅಂದ್ರು, ಸೀನಣ್ಣ ನಿಮ್ಗೆ ಮೆಸೇಜ್ ಮಾಡಿದೀನಿ ನೋಡಿ. ಯಾದಗಿರಿ ಹುಡುಗನಿಗೆ ಊರಿಗೆ ವಾಪಸ್ ಹೋಗಿ ಕಲಿಯೋಕೆ ಮನಸ್ಸಿಲ್ಲ, ಅಲ್ಲಿ ಸಾಲದೋರು ಕಾಯ್ತಿದಾರಂತೆ. ಊರ ರೇಷನ್ ಕಾರ್ಡ್ ಇಟ್ಕೊಂಡು ಬೇರೆ ಜಿಲ್ಲೆ ಆರ್‌ಸೆಟಿಗೆ ಸೇರ್ಬಹುದಾ? ಇನ್ನೊಂದು, ಪಿಯುಸಿ ಹುಡುಗನ ಮಾರ್ಕ್ಸ್ ಕಾರ್ಡು ಮನೇಲಿದೆ, ಮನೆಗೆ ಮಾತ್ರ ಫೋನ್ ಮಾಡ್ಬೇಡಿ ಅಂತ ಕೈ ಮುಗೀತಾನೆ.

---

ಹುಬ್ಬಳ್ಳಿ_ಬ್ಯಾಂಕಿನಾಂವ:

ಬ್ಯಾರೆ ಜಿಲ್ಲಾದ್ದು ಆಯಾ ಡೈರೆಕ್ಟರ್ ಮ್ಯಾಲ ಐತ್ರಿ, ಸೀಟ್ ಖಾಲಿ ಇದ್ದಾಗ ತಗೋತಾರ, ಹೋಗೋಕ್ಕಿಂತ ಮೊದಲ ಫೋನ್ ಹಚ್ಚಿ ಕೇಳ್ರಿ. ಇಲ್ಲಾಂದ್ರ ಕುಂದಾಪುರದವ್ರ ಕಡೆ ಹೋಟ್ಲಿಗೇ ಹಾಕ್ರಿ, ಕೈಯಾಗ ಸ್ವಲ್ಪ ರೊಕ್ಕ ಕೂಡ್ಲಿ. ಸಾಲ ಎಷ್ಟೈತಿ ಯಾರ ಕಡೆ ಐತಿ ಅನ್ನೋದನ್ನ ಒಂದು ಹಾಳಿಮ್ಯಾಲ ಬರಸಿ ಇಟ್ಕೋರಿ, ಸಂಬಳ ಚಾಲೂ ಆದ ಮ್ಯಾಲ ಅವ್ರು ಹುಡುಕ್ಕೊಂಡು ಬರ್ತಾರ.

---

ಕೇರ್‌ಟೇಕರ್_ರಾತ್ರಿಪಾಳಿ:

ಪಿಯುಸಿ ಮಾರ್ಕ್ಸ್ ಕಾರ್ಡು ಡಿಜಿಲಾಕರ್‌ನಲ್ಲಿ ಹುಡುಕಿ ನೋಡಿ ಮೇಡಂ, ರಿಜಿಸ್ಟರ್ ನಂಬರು ಪಾಸಾದ ವರ್ಷ ಬೇಕು. ನಂಬರ್ ನೆನಪಿಲ್ಲ ಅಂದ್ರೆ ಓದಿದ ಕಾಲೇಜಿಗೆ ಅವನ ಕೈಲೇ ಫೋನ್ ಮಾಡ್ಸಿ, ಆಫೀಸಲ್ಲಿ ರಿಜಿಸ್ಟರ್ ಇರುತ್ತೆ, ಮನೆಯೋರಿಗೆ ಗೊತ್ತಾಗೋ ಪ್ರಶ್ನೆನೇ ಇಲ್ಲ. ಕೆಲ್ಸದ ಅಪ್ಲಿಕೇಷನ್‌ನಲ್ಲಿ ಎಮರ್ಜೆನ್ಸಿ ಕಾಂಟ್ಯಾಕ್ಟ್ ಅಂತ ಒಂದು ಖಾನೆ ಇರುತ್ತಲ್ಲ, ಅಲ್ಲಿ ಖಾಲಿ ಬಿಡಬೇಡಿ, ಎಚ್‌ಆರ್‌ನೋರು ಅನುಮಾನ ಪಡ್ತಾರೆ, ಶೆಲ್ಟರ್ ಆಫೀಸ್ ನಂಬರ್ ಹಾಕ್ಸಿ. ಫೋನ್ ಬಂದ್ರೆ ಎತ್ತೋರಿಗೆ ಅವನ ಹೆಸ್ರು ಮಾತ್ರ ಮೊದ್ಲೇ ಹೇಳಿರಿ.